ಗೃಹಲಕ್ಷ್ಮಿ ಹಣ ಬಂತು, ತೂಕವೂ ಏರಿತು: ಓದುಗರ ಸ್ಪಂದನ

(ಗೃಹಲಕ್ಷ್ಮಿಯ 2,000 ರೂಪಾಯಿ ಬರತೊಡಗಿದ ಮೇಲೆ ತಮ್ಮ ತೂಕ 56ರಿಂದ 62 ಕೆ.ಜಿ.ಗೆ ಏರಿದೆ, 13ರ ಮಗಳು ಮಾತ್ರ ಸಣಕಲಾಗಿಯೇ ಉಳಿದಿದ್ದಾಳೆ, ನೆರೆಯವರು ‘ಪುಕ್ಕಟೆ ದುಡ್ಡಿನ ಕೊಬ್ಬು’ ಎಂದು ಆಡಿಕೊಳ್ಳುತ್ತಾರೆ ಎಂದು ಓದುಗರೊಬ್ಬರು ನೊಂದು ಬರೆದಿದ್ದರು.)

ಆ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ, ತಾಯಿ. ನಿಮ್ಮ 150 ಸೆಂ.ಮೀ. ಎತ್ತರಕ್ಕೆ 62 ಕೆ.ಜಿ. ಎಂದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂದು ಹೇಳುವ ಲೆಕ್ಕ) 27.6. ನಮ್ಮ ಜನರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. 56 ಕೆ.ಜಿ. ಇದ್ದಾಗಲೇ ನಿಮ್ಮದು 24.9 ಇತ್ತು, ಅಂದರೆ ತೊಂದರೆ ಹಣಕ್ಕಿಂತ ಹಳೆಯದು. ತಟ್ಟೆ ನೋಡಿ. ರೇಷನ್ ಅಕ್ಕಿ ತಲೆಗೆ 10 ಕೆ.ಜಿ. ಬಂದು ಅಷ್ಟೂ ಬೆಂದರೆ ದಿನಕ್ಕೆ 333 ಗ್ರಾಂ ಆಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2,000 ಕ್ಯಾಲೊರಿಯ ಊಟಕ್ಕೆ ಹೇಳುವುದು ರಾಗಿ, ಜೋಳ, ಅಕ್ಕಿ ಎಲ್ಲ ಸೇರಿ 250 ಗ್ರಾಂ. ಜತೆಗೆ ಬೇಳೆಕಾಳು 85, ತರಕಾರಿ 400, ಎಣ್ಣೆ ಬರೀ 27 ಗ್ರಾಂ. ಅನ್ನ ಹೇಗೂ ಇದೆ, ಅದರ ಮೇಲೆ ಹೊಸ ದುಡ್ಡು ಎಣ್ಣೆ, ಸಕ್ಕರೆ, ಬಿಸ್ಕತ್ತಿಗೆ ಹೋದರೆ ಹೊಟ್ಟೆಯ ಸುತ್ತ ಕೂರುತ್ತದೆ. ಚಿಕ್ಕಂದಿನಲ್ಲಿ ಅರೆಹೊಟ್ಟೆ ಉಂಡು ಬೆಳೆದ ಮೈಯಲ್ಲಿ ಇದು ಇನ್ನೂ ಬೇಗ.
ತಕ್ಕಡಿಗಿಂತ ಟೇಪನ್ನು ನಂಬಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ ಅಳೆಯಿರಿ. ಹೆಂಗಸರಿಗೆ 80 ಸೆಂ.ಮೀ. ಮೀರಿದರೆ ಸಕ್ಕರೆ, ಬಿ.ಪಿ. ಪರೀಕ್ಷೆ ಮಾಡಿಸಲೇಬೇಕು.
— ಆಹಾರ ತಜ್ಞೆ, ಧಾರವಾಡ

ಕಂತು ತಡವಾಗಿ ಎರಡು ಮೂರು ಒಟ್ಟಿಗೆ ಬೀಳುವುದುಂಟು. ಎಡವುವುದು ಅಲ್ಲೇ: ಆ ವಾರ ಎಣ್ಣೆಯ ಡಬ್ಬಿ, ಬೇಕರಿ ತಿಂಡಿ, ತಿಂಗಳ ಕೊನೆಗೆ ಬರೀ ಅನ್ನ, ತಿಳಿಸಾರು. ದುಡ್ಡು ಬಿದ್ದ ದಿನವೇ ಮೊದಲು ಬೇಳೆ, ಹೆಸರುಕಾಳು, ಶೇಂಗಾ ತಂದು ಡಬ್ಬಿ ತುಂಬಿಸಿ. ನಾಲ್ವರ ಮನೆಗೆ ತಿಂಗಳಿಗೆ ಎಣ್ಣೆ ಮೂರೂವರೆ ಲೀಟರ್ ಮೀರದಿರಲಿ. ತರಕಾರಿ ದುಡ್ಡನ್ನು ನಾಲ್ಕು ಸಂತೆಗೆ ನಾಲ್ಕು ಪಾಲು ಮಾಡಿ ಬೇರೆ ಇಡಿ.
— ಸ್ವಸಹಾಯ ಸಂಘದ ಪ್ರತಿನಿಧಿ, ಸಿಂಧನೂರು

‘ಹಣ ಬೇಡ, ದಿನಸಿ ಕೊಡಿ’ ಅನ್ನುವವರಿಗೆ ಒಂದು ಮಾತು. ಮೆಕ್ಸಿಕೊದ ಹಳ್ಳಿಗಳಲ್ಲಿ ಒಂದಷ್ಟು ಕಡೆ ನಗದು, ಒಂದಷ್ಟು ಕಡೆ ಆಹಾರದ ಬುಟ್ಟಿ ಕೊಟ್ಟು ಅಳೆದರು. ಎರಡೂ ಕಡೆ ಹೆಂಗಸರ ತೂಕ ಏರಿತು, ಮೊದಲೇ ದಪ್ಪಗಿದ್ದವರಲ್ಲಿ ಹೆಚ್ಚು. ಬುಟ್ಟಿಯಲ್ಲೂ ಎಣ್ಣೆ, ಬಿಸ್ಕತ್ತು, ಕೆನೆಭರಿತ ಹಾಲಿನ ಪುಡಿ ಇದ್ದವು.
ಇನ್ನು ಮಗಳು. ಅವಳಿಗೂ ನಿಮಗೂ ಒಂದೇ ಅಳತೆ ಹಾಕಬೇಡಿ, ನಿಮ್ಮ ಅನ್ನ ಕಡಿಮೆಯಾಯಿತೆಂದು ಅವಳದ್ದನ್ನು ಇಳಿಸಬೇಡಿ. ಹಿಮೋಗ್ಲೋಬಿನ್ ನೋಡಿಸಿ, 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಊಟವಾದ ಮೇಲೆ ನುಂಗಲಿ, ಅದರ ಹಿಂದೆಯೇ ಚಹಾ ಬೇಡ. ಜಂತುಹುಳದ ಮಾತ್ರೆ, ಶಾಲೆಯ ಮೊಟ್ಟೆ ಎರಡನ್ನೂ ತಪ್ಪಿಸದಂತೆ ಹೇಳಿ. ಮೊಟ್ಟೆ ತಿನ್ನದಿದ್ದರೆ ಬಾಳೆಹಣ್ಣು ಕೇಳಲಿ.
— ಅಂಗನವಾಡಿ ಮೇಲ್ವಿಚಾರಕಿ, ಚಳ್ಳಕೆರೆ