ಕಂಪ್ಲೀಷನ್ ಸರ್ಟಿಫಿಕೇಟ್ ಬಾರದ ಕನ್ವರ್ಟೆಡ್ ಫ್ಲಾಟ್ ಬಾಡಿಗೆಗೆ ಹಿಡಿಯಬಹುದಾ? (ಇಂಗ್ಲೆಂಡ್)

ಹೊಸಬಾಡಿಗೆ

ಎಲ್ಲರಿಗೂ ನಮಸ್ಕಾರ. ಹಳೇ ಟೆರೇಸ್ ಮನೆಯೊಂದನ್ನು ಮೂರು ಫ್ಲಾಟ್ ಮಾಡಿದ್ದಾರೆ: ಬೇಸ್‌ಮೆಂಟಿನಲ್ಲಿ ಒಂದು, ನೆಲಮಹಡಿಯಲ್ಲಿ ಒಂದು, ಮೇಲೆ ಒಂದು. ಬಾಡಿಗೆಗೆ ಇರುವುದು ಮೇಲಿನದು. ಮೊದಲ ಮಹಡಿಯಲ್ಲಿ ಹಾಲ್, ಅಡುಗೆಮನೆ, ಬೆಡ್‌ರೂಮ್. ಹಾಲ್‌ನಿಂದ ಮೆಟ್ಟಿಲು ಹತ್ತಿದರೆ ಅಟ್ಟದಲ್ಲಿ ಇನ್ನೊಂದು ಬೆಡ್‌ರೂಮ್. ಗ್ಯಾಸ್ ಬಾಯ್ಲರ್ ಇದೆ. ಮೂರೂ ಫ್ಲಾಟ್ ಒಬ್ಬರೇ ಮಾಲೀಕರದು, ಎಲ್ಲವೂ ಬಾಡಿಗೆಗೇ.

ಬಿಲ್ಡಿಂಗ್ ಕಂಟ್ರೋಲ್‌ನ (ಕೆಲಸ ಕಟ್ಟಡ ನಿಯಮದಂತೆ ಆಗಿದೆಯೇ ಎಂದು ನೋಡುವವರ) ಕಂಪ್ಲೀಷನ್ ಸರ್ಟಿಫಿಕೇಟ್ ಕೇಳಿದರೆ, "ಕೆಲಸ ಎಲ್ಲಾ ಮುಗಿದಿದೆ, ಪೇಪರ್ ಮಾತ್ರ ಬಾಕಿ" ಅಂತ ಏಜೆಂಟ್ ಹೇಳುತ್ತಿದ್ದಾರೆ. ಹೋಲ್ಡಿಂಗ್ ಡೆಪಾಸಿಟ್ (ಮನೆ ಕಾದಿರಿಸುವ ಮುಂಗಡ) ಈ ವಾರವೇ ಕಟ್ಟಬೇಕಂತೆ. ಆ ಸರ್ಟಿಫಿಕೇಟ್ ಇಲ್ಲದೆ ಬಾಡಿಗೆಗೆ ಕೊಡುವುದು ಕಾನೂನುಬಾಹಿರವೇ? ಮನೆ ನೋಡಲು ಹೋದಾಗ ಏನೇನು ಗಮನಿಸಬೇಕು? ಮಗು ಅಟ್ಟದ ರೂಮಿನಲ್ಲಿ ಮಲಗಬೇಕಾಗುತ್ತದೆ, ಅದಕ್ಕೇ ಕೇಳುತ್ತಿದ್ದೇನೆ.

ಸುಣ್ಣಗಾರೆ

ಮೊದಲು ಕಾನೂನಿನ ಮಾತು. ಕನಿಷ್ಠ 18 ಮೀಟರ್ ಎತ್ತರ ಅಥವಾ ಕನಿಷ್ಠ 7 ಮಹಡಿ ಇರುವ ವಾಸದ ಕಟ್ಟಡಗಳಿಗೆ ಕಂಪ್ಲೀಷನ್ ಸರ್ಟಿಫಿಕೇಟ್ ಇಲ್ಲದೆ ಜನರನ್ನು ಬಿಡುವುದೇ ಅಪರಾಧ. ನೀವು ಹೇಳುತ್ತಿರುವಂಥ ಸಣ್ಣ ಕಟ್ಟಡಕ್ಕೆ ಆ ನಿಷೇಧ ಇಲ್ಲ. ಹಾಗಂತ "ಪೇಪರ್ ಮಾತ್ರ ಬಾಕಿ" ಅನ್ನುವ ಮಾತನ್ನು ನಂಬಿ ಕೂರಬೇಡಿ. ಕೆಲಸ ನಿಯಮದಂತೆ ಮುಗಿದಿದೆ ಎಂದು ಕೌನ್ಸಿಲ್‌ಗೆ ಮನವರಿಕೆಯಾದರೆ 8 ವಾರದೊಳಗೆ ಸರ್ಟಿಫಿಕೇಟ್ ಕೊಡಲೇಬೇಕು. ಅದಕ್ಕೂ ಮೀರಿ ನಿಂತಿದೆ ಅಂದರೆ ಯಾವುದೋ ಒಂದು ನಿರ್ದಿಷ್ಟ ಅಂಶಕ್ಕೆ ನಿಂತಿದೆ. ನೀವು ತಿಳಿದುಕೊಳ್ಳಬೇಕಾದ್ದು ಅದೊಂದನ್ನೇ.

ಸಾಮಾನ್ಯವಾಗಿ ಅಡ್ಡ ಬರುವುದು ಇವು: ಎಲೆಕ್ಟ್ರಿಕಲ್ ಇನ್‌ಸ್ಟಲೇಷನ್ ಸರ್ಟಿಫಿಕೇಟ್ ಸಲ್ಲಿಸಿಲ್ಲ, ಫ್ಲಾಟ್‌ಗಳ ನಡುವಿನ ಶಬ್ದ ಪರೀಕ್ಷೆ ಮಾಡಿಸಿಲ್ಲ, ಅಥವಾ ಮಾಡಿಸಿ ಫೇಲಾಗಿದೆ, ಎನರ್ಜಿ ಲೆಕ್ಕ ಬಂದಿಲ್ಲ, ಬೆಂಕಿ ತಡೆಯುವ ಬಾಗಿಲು ಸರಿಯಿಲ್ಲ, ಇಲ್ಲವೇ ಕೊನೆಯ ಪರಿಶೀಲನೆಗೆ ಬಿಲ್ಡರ್ ಕರೆದೇ ಇಲ್ಲ. ಕೊನೆಯದು ನಿರಪಾಯ ಅನ್ನಿಸುತ್ತದೆ, ಆದರೆ ಕರೆಯದಿರುವುದಕ್ಕೂ ಕಾರಣ ಇರುತ್ತದೆ. ಶಬ್ದ ಪರೀಕ್ಷೆಯಲ್ಲಿ ಫೇಲಾದರೆ ಹಾಸಿದ ನೆಲ ಎಬ್ಬಿಸಬೇಕು ಅಥವಾ ಕೆಳಗಿನವರ ಸೀಲಿಂಗ್ ಬಿಚ್ಚಬೇಕು. ಆ ಕೆಲಸ ನೀವು ಒಳಗಿರುವಾಗಲೇ ನಡೆಯುತ್ತದೆ.

ಏಜೆಂಟರಿಗೆ ಮೂರು ಪ್ರಶ್ನೆ ಇಮೇಲ್‌ನಲ್ಲಿ ಕಳಿಸಿ: ಬಿಲ್ಡಿಂಗ್ ಕಂಟ್ರೋಲ್ ಅರ್ಜಿಯ ನಂಬರ್ ಏನು, ನೋಡಿಕೊಳ್ಳುತ್ತಿರುವುದು ಕೌನ್ಸಿಲ್ಲೋ ಖಾಸಗಿ ಅಪ್ರೂವರ್ರೋ (ಕೌನ್ಸಿಲ್ ಬದಲು ಇದೇ ಪರಿಶೀಲನೆ ಮಾಡುವವರು), ಕೊನೆಯ ಪರಿಶೀಲನೆಯಲ್ಲಿ ಬರೆದುಕೊಟ್ಟ ಬಾಕಿ ಕೆಲಸಗಳ ಪಟ್ಟಿ ಯಾವುದು. ಆಮೇಲೆ ಅದೇ ನಂಬರ್ ಹಿಡಿದು ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್ ವಿಭಾಗಕ್ಕೆ ನೀವೇ ಫೋನ್ ಮಾಡಿ. ಖಾಸಗಿ ಅಪ್ರೂವರ್ ಇದ್ದರೂ ಶುರುವಿನ ನೋಟಿಸ್ ಮತ್ತು ಫೈನಲ್ ಸರ್ಟಿಫಿಕೇಟ್ (ಕಂಪ್ಲೀಷನ್ ಸರ್ಟಿಫಿಕೇಟ್ ಬದಲು ಅವರು ಕೊಡುವುದು) ಕೌನ್ಸಿಲ್‌ಗೆ ಹೋಗಲೇಬೇಕು. ಅರ್ಜಿಯೇ ಇಲ್ಲ ಅಂದರೆ ವಿಷಯ ಬೇರೆ: ಮಾಲೀಕರು ಕೌನ್ಸಿಲ್‌ನಿಂದ ರೆಗ್ಯುಲರೈಸೇಷನ್ (ಅರ್ಜಿ ಇಲ್ಲದೆ ಮಾಡಿದ ಕೆಲಸಕ್ಕೆ ಆಮೇಲೆ ಪಡೆಯುವ ಒಪ್ಪಿಗೆ) ಮಾಡಿಸಿಕೊಳ್ಳಬೇಕು, ಅದಕ್ಕೆ ಮುಚ್ಚಿದ ಗೋಡೆ, ಸೀಲಿಂಗ್ ತೆರೆದು ತೋರಿಸಬೇಕಾಗಬಹುದು. ಅಂಥ ಮನೆಗೆ ಹೋಗಬೇಡಿ.

ಅಟ್ಟದಮನೆ

ಮಗು ಅಟ್ಟದಲ್ಲಿ ಮಲಗುತ್ತದೆ ಅಂದಿರಿ, ಹಾಗಾಗಿ ಬೆಂಕಿಯ ವಿಷಯವನ್ನೇ ಬಿಡಿಸಿ ಬರೆಯುತ್ತೇನೆ.

"ವೆಲಕ್ಸ್ ಕಿಟಕಿ (ಸೂರಿನ ಇಳಿಜಾರಿನಲ್ಲಿ ಕೂರಿಸಿದ್ದು) ಇದೆಯಲ್ಲ, ಅಲ್ಲಿಂದ ಹೊರಗೆ ಬರಬಹುದು" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪಾರಾಗುವ ಕಿಟಕಿ ಅಂತ ಲೆಕ್ಕಕ್ಕೆ ಬರಬೇಕಾದರೆ ತೆರೆಯುವ ಜಾಗ ಕನಿಷ್ಠ 0.33 ಚದರ ಮೀಟರ್, ಅಗಲವೂ ಎತ್ತರವೂ ಕನಿಷ್ಠ 450 ಮಿಲಿಮೀಟರ್, ತೆರೆಯುವ ಭಾಗದ ಕೆಳಗಿನ ಅಂಚು ನೆಲದಿಂದ 1100 ಮಿಲಿಮೀಟರ್ ಒಳಗೆ ಇರಬೇಕು. ಅದೂ ಹೊರಗಿನ ನೆಲಮಟ್ಟದಿಂದ 4.5 ಮೀಟರ್‌ಗಿಂತ ಎತ್ತರವಿಲ್ಲದ ಮಹಡಿಗೆ ಮಾತ್ರ. ಎರಡನೇ ಮಹಡಿ ಮಟ್ಟದ ಅಟ್ಟ ಆ ಎತ್ತರವನ್ನು ಹೆಚ್ಚುಕಡಿಮೆ ಖಂಡಿತ ದಾಟುತ್ತದೆ. ಅಂದಮೇಲೆ ಮಗುವಿಗೆ ಇರುವ ದಾರಿ ಮೆಟ್ಟಿಲು ಮಾತ್ರ.

ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು "ಹಾಲ್‌ನಿಂದ ಮೆಟ್ಟಿಲು" ಅನ್ನುವ ಮಾತು. ಆ ಮೆಟ್ಟಿಲು ಗೋಡೆ, ಬಾಗಿಲುಗಳಿಂದ ಬೇರ್ಪಟ್ಟಿದೆಯೋ, ಅಥವಾ ಸೋಫಾ, ಟಿವಿ, ಅಡುಗೆ ಒಲೆ ಇರುವ ತೆರೆದ ಜಾಗಕ್ಕೇ ಇಳಿಯುತ್ತದೆಯೋ? ತೆರೆದ ಜಾಗಕ್ಕೆ ಇಳಿಯುವುದಾದರೆ ಸ್ಪ್ರಿಂಕ್ಲರ್ ಅಥವಾ ಮಿಸ್ಟ್ ವ್ಯವಸ್ಥೆಯಂಥ (ಬೆಂಕಿ ಬಿದ್ದಾಗ ತಾನಾಗಿ ನೀರು ಸಿಂಪಡಿಸುವ) ಪರ್ಯಾಯ ಇಲ್ಲದೆ ಅದನ್ನು ಪಾಸು ಮಾಡುವುದು ಕಷ್ಟ. ಸರ್ಟಿಫಿಕೇಟ್ ನಿಂತಿರುವುದೇ ಇದಕ್ಕಿರಬಹುದು. ಹೀಗಿದ್ದು ಪರ್ಯಾಯವೂ ಇಲ್ಲದಿದ್ದರೆ, ಬಾಡಿಗೆ ಎಷ್ಟೇ ಕಡಿಮೆ ಇರಲಿ, ಆ ಮನೆ ಬೇಡ.

ಫ್ಲಾಟಿನ ಮುಂಬಾಗಿಲು 30 ನಿಮಿಷ ಬೆಂಕಿ ತಡೆಯುವಂಥದ್ದಾಗಿರಬೇಕು. ಸ್ವಲ್ಪ ತೆರೆದು ಕೈ ಬಿಡಿ: ತಾನಾಗಿ ಮುಚ್ಚಿ ಲಾಚ್ ಕೂರಬೇಕು. ಅಂಚಿನಲ್ಲಿ ಕೊರೆದು ಕೂರಿಸಿದ, ಬೆಂಕಿಯ ಬಿಸಿಗೆ ಉಬ್ಬಿ ಸಂದು ಮುಚ್ಚುವ ಪಟ್ಟಿ, ಅದರಲ್ಲಿ ಬ್ರಷ್ ಥರದ ಹೊಗೆ ಸೀಲ್ ಕಾಣಬೇಕು. ಚೌಕಟ್ಟಿಗೂ ಬಾಗಿಲಿಗೂ ನಡುವೆ ಸಂದು 3 ಮಿಲಿಮೀಟರ್ ಆಸುಪಾಸು. ಪಟ್ಟಿಯ ಮೇಲೆ ಪೇಂಟ್ ಬಳಿದಿದ್ದರೆ ಅಥವಾ ಬಾಗಿಲು ತಾನಾಗಿ ಮುಚ್ಚಿಸುವ ಕ್ಲೋಸರ್ ಬಿಚ್ಚಿಟ್ಟಿದ್ದರೆ ಫೋಟೋ ತೆಗೆದುಕೊಳ್ಳಿ.

ಹೊಗೆ ಅಲಾರಂ ಕರೆಂಟಿಗೆ ಜೋಡಿಸಿದ್ದಿರಬೇಕು, ಒಂದಕ್ಕೊಂದು ಬೆಸೆದಿರಬೇಕು. ಒಂದರ ಟೆಸ್ಟ್ ಗುಂಡಿ ಒತ್ತಿದರೆ ಅಟ್ಟದ್ದೂ ಕೂಗಬೇಕು. ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ 2022ರ ಅಕ್ಟೋಬರ್ 1ರಿಂದ ಕಡ್ಡಾಯ.

ಬಾತ್‌ರೂಮ್ ಫ್ಯಾನ್ ಹಾಕಿ ಒಂದು ಟಿಶ್ಯೂ ಹಿಡಿದು ನೋಡಿ. ಅಂಟಿಕೊಳ್ಳದಿದ್ದರೆ ಸೆಕೆಂಡಿಗೆ 15 ಲೀಟರ್ ಗಾಳಿ ಎಳೆಯಬೇಕಾದ್ದು ಎಳೆಯುತ್ತಿಲ್ಲ ಎಂದೇ ಅನುಮಾನಿಸಿ. ಅನೇಕ ಕಡೆ ಪೈಪನ್ನು ಹೊರಗೆ ಒಯ್ಯದೆ ಸೂರಿನೊಳಗೇ ಬಿಟ್ಟಿರುತ್ತಾರೆ. ಮೊದಲ ಚಳಿಗಾಲಕ್ಕೇ ಅಟ್ಟದ ಮೂಲೆಗಳಲ್ಲಿ ಬೂಷ್ಟು ಬರುತ್ತದೆ.

ಹೊಸಬಾಡಿಗೆ

ತುಂಬಾ ಉಪಕಾರವಾಯಿತು. ಮೆಟ್ಟಿಲ ಬುಡದಲ್ಲಿ ಒಂದು ಬಾಗಿಲು ಇರುವುದು ಫೋಟೋದಲ್ಲಿ ಕಾಣುತ್ತಿದೆ, ಹೋಗಿ ಖಚಿತ ಮಾಡಿಕೊಳ್ಳುತ್ತೇನೆ. ಏಜೆಂಟ್ ಈಗ "ಅಪ್ರೂವಲ್ ಇದೆ ನೋಡಿ" ಅಂತ ಎರಡು ಪತ್ರ ಕಳಿಸಿದ್ದಾರೆ: ಒಂದು ಪ್ಲಾನಿಂಗ್ ಪರ್ಮಿಷನ್, ಇನ್ನೊಂದರಲ್ಲಿ "ಪ್ಲಾನ್ಸ್ ಅಪ್ರೂವ್ಡ್" ಅಂತಿದೆ. ಇಪಿಸಿಯೂ (ಮನೆಯ ಎನರ್ಜಿ ದರ್ಜೆ ತೋರಿಸುವ ಸರ್ಟಿಫಿಕೇಟ್) ಇದೆ, ಆದರೆ ಫ್ಲಾಟ್ ನಂಬರ್ ಇಲ್ಲ, ಇಡೀ ಮನೆಯ ವಿಳಾಸ ಇದೆ.

ಸುಣ್ಣಗಾರೆ

ಎರಡೂ ಕೆಲಸ ಮುಗಿದದ್ದಕ್ಕೆ ಸಾಕ್ಷಿಯಲ್ಲ. ಪ್ಲಾನಿಂಗ್ ಹೇಳುವುದು ಅಲ್ಲಿ ಫ್ಲಾಟ್ ಮಾಡಬಹುದು ಎಂದಷ್ಟೇ. "ಪ್ಲಾನ್ಸ್ ಅಪ್ರೂವ್ಡ್" ಅಂದರೆ ನಕ್ಷೆ ನಿಯಮಕ್ಕೆ ಹೊಂದುತ್ತದೆ ಎಂದು. ನಕ್ಷೆಯಂತೆ ಕಟ್ಟಿದ್ದಾರೋ ಇಲ್ಲವೋ ಅದರಲ್ಲಿ ಇರುವುದಿಲ್ಲ.

ಇಪಿಸಿ ಇನ್ನೂ ದೊಡ್ಡ ಸುಳಿವು. ಒಂದು ಮನೆ ಮೂರು ಫ್ಲಾಟ್ ಆದಾಗ ಪ್ರತಿ ಫ್ಲಾಟಿಗೂ ಅದರದೇ ಇಪಿಸಿ ಬೇಕು. ಸರ್ಕಾರದ ಇಪಿಸಿ ರಿಜಿಸ್ಟರಿನಲ್ಲಿ ಪೋಸ್ಟ್‌ಕೋಡ್ ಹಾಕಿ ಪುಕ್ಕಟೆಯಾಗಿ ಹುಡುಕಬಹುದು. ನಿಮ್ಮ ಫ್ಲಾಟಿನ ಹೆಸರಲ್ಲಿ ಏನೂ ಇಲ್ಲದಿದ್ದರೆ ಎನರ್ಜಿ ಲೆಕ್ಕವೇ ಮುಗಿದಿಲ್ಲ ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ಬಾಡಿಗೆಗೆ ಕೊಡಲು ಕನಿಷ್ಠ ದರ್ಜೆ ಇ.

ಗ್ಯಾಸ್ ಸೇಫ್ಟಿ ರೆಕಾರ್ಡ್ ಮತ್ತು ಎಲೆಕ್ಟ್ರಿಕಲ್ ಕಂಡೀಷನ್ ರಿಪೋರ್ಟ್ ಒಳಗೆ ಹೋಗುವ ಮೊದಲೇ ನಿಮ್ಮ ಕೈಗೆ ಬರಬೇಕು. ರಿಪೋರ್ಟಿನಲ್ಲಿ ಸಿ1 (ಈಗಲೇ ಅಪಾಯ), ಸಿ2 (ಅಪಾಯ ಆಗಬಹುದು) ಅಥವಾ ಎಫ್‌ಐ (ಇನ್ನೂ ತಪಾಸಣೆ ಬೇಕು) ಅಂತ ಒಂದೇ ಒಂದು ಇದ್ದರೂ ಅದು ಫೇಲ್. ಸಿ3 ಬರೀ ಸಲಹೆ.

ಕರಾರುಪತ್ರ

ಮೂರೂ ಫ್ಲಾಟ್ ಬಾಡಿಗೆಗೇ ಇವೆ ಅಂದಿರಿ. ಇಡೀ ಕಟ್ಟಡ ಸ್ವತಂತ್ರ ಫ್ಲಾಟ್‌ಗಳಾಗಿದ್ದು, ಪರಿವರ್ತನೆ ಬಿಲ್ಡಿಂಗ್ ನಿಯಮದಂತೆ ಆಗಿರದೆ ಈಗಲೂ ಹಾಗೇ ಇದ್ದು, ಮಾಲೀಕರೇ ವಾಸವಿರುವ ಫ್ಲಾಟ್ ಮೂರನೇ ಎರಡಕ್ಕಿಂತ ಕಡಿಮೆ ಇದ್ದರೆ, 2004ರ ಹೌಸಿಂಗ್ ಆಕ್ಟ್‌ನ 257ನೇ ಸೆಕ್ಷನ್ ಪ್ರಕಾರ ಅದು ಎಚ್‌ಎಂಒ (ಹಲವು ಮನೆಯವರು ವಾಸವಿರುವ ಕಟ್ಟಡ ಎನ್ನುವ ಕಾನೂನಿನ ವರ್ಗ). ಸರ್ಟಿಫಿಕೇಟ್ ಇಲ್ಲ ಅಂದಮಾತ್ರಕ್ಕೆ ನಿಯಮ ಮೀರಿದೆ ಎಂದಲ್ಲ, ಆದರೆ ಪ್ರಶ್ನೆ ಏಳುವುದು ಅಲ್ಲಿಂದಲೇ. ಕೆಲವು ಕೌನ್ಸಿಲ್‌ಗಳು ಇಂಥ ಕಟ್ಟಡಕ್ಕೂ ಲೈಸೆನ್ಸ್ ಕೇಳುತ್ತವೆ. ನಿಮ್ಮ ಕೌನ್ಸಿಲ್‌ನಲ್ಲಿ "ಅಡಿಷನಲ್ ಲೈಸೆನ್ಸಿಂಗ್" ಇದೆಯೇ, ಅದು 257 ಕಟ್ಟಡಗಳಿಗೂ ಅನ್ವಯಿಸುತ್ತದೆಯೇ ನೋಡಿ. ಲೈಸೆನ್ಸ್ ಬೇಕಿದ್ದೂ ಪಡೆದಿಲ್ಲವಾದರೆ ಕಟ್ಟಿದ ಬಾಡಿಗೆ ವಾಪಸು ಕೇಳಿ ಟ್ರಿಬ್ಯುನಲ್‌ಗೆ ಹೋಗಬಹುದು.

ಹಣದ ವಿಷಯದಲ್ಲಿ ಅವಸರ ಬೇಡ. ಹೋಲ್ಡಿಂಗ್ ಡೆಪಾಸಿಟ್ ಒಂದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಆದರೆ ಕಟ್ಟಿದ ಮೇಲೆ ನೀವಾಗಿ ಹಿಂದೆ ಸರಿದರೆ ಅದು ಹೋದಂತೆಯೇ. ಆದ್ದರಿಂದ ಕಟ್ಟುವ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ: ಇಂಥ ದಿನದೊಳಗೆ ಕಂಪ್ಲೀಷನ್ ಸರ್ಟಿಫಿಕೇಟ್ ತೋರಿಸದಿದ್ದರೆ ಹಣ ಪೂರ್ತಿ ವಾಪಸು. ಇದಕ್ಕೆ ಒಪ್ಪದ ಏಜೆಂಟರಿಗೆ ಪೇಪರ್ ಬೇಗ ಬರುವ ನಂಬಿಕೆ ಇಲ್ಲ ಎಂದೇ ತಿಳಿಯಿರಿ.

ಮಾಲೀಕರಿಗೆ ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆ ಇದೆಯೇ ಎಂದೂ ಕೇಳಿ. ಒಪ್ಪಿಗೆ ಇಲ್ಲದೆ ಬಾಡಿಗೆಗೆ ಕೊಟ್ಟು, ಸಾಲ ಕಟ್ಟದೆ ಮನೆ ಜಪ್ತಿಗೆ ಬಂದರೆ, ಇಂಥ ಜಪ್ತಿಯಲ್ಲಿ ಬಾಡಿಗೆದಾರರನ್ನು ರಕ್ಷಿಸುವ 2010ರ ಕಾಯ್ದೆಯ ಪ್ರಕಾರ ನೀವು ಕೇಳಿಕೊಳ್ಳಬಹುದಾದ ಕಾಲಾವಕಾಶ ಎರಡು ತಿಂಗಳು ಮಾತ್ರ. ನಿಮ್ಮ ಸಾಮಾನಿನ ಇನ್ಶೂರೆನ್ಸ್ ಮಾಡಿಸುವಾಗಲೂ ಕನ್ವರ್ಷನ್, ಸರ್ಟಿಫಿಕೇಟ್ ಬಾಕಿ ಎಂದು ಮೊದಲೇ ತಿಳಿಸಿ, ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಿ.

ಒಳಗೆ ಹೋದ ಮೇಲೆ ದೋಷ ಕಂಡರೆ ಸರ್ಟಿಫಿಕೇಟ್ ವಿಷಯ ಎಳೆದಾಡುತ್ತಾ ಕೂರಬೇಡಿ. ಮನೆ ವಾಸಯೋಗ್ಯವಾಗಿರಬೇಕು ಎನ್ನುವ 2018ರ ಕಾಯ್ದೆಯಡಿ ಮಾಲೀಕರಿಗೆ ಬರೆಯಿರಿ. ಸರಿಪಡಿಸದಿದ್ದರೆ ಕೌನ್ಸಿಲ್‌ನ ಎನ್ವಿರಾನ್ಮೆಂಟಲ್ ಹೆಲ್ತ್ ವಿಭಾಗಕ್ಕೆ ದೂರು ಕೊಡಿ. ಬಿಲ್ಡಿಂಗ್ ಕಂಟ್ರೋಲ್‌ನವರದು ಬೇರೆ ವಿಭಾಗ, ಅವರು ನಿಮ್ಮ ಪರವಾಗಿ ಮಾಲೀಕರಿಂದ ರಿಪೇರಿ ಮಾಡಿಸುವವರಲ್ಲ. ಅಪಾಯ ಗಂಭೀರ ದರ್ಜೆಯದು ಎಂದು ಕಂಡರೆ ಎನ್ವಿರಾನ್ಮೆಂಟಲ್ ಹೆಲ್ತ್‌ನವರು ಕ್ರಮ ಕೈಗೊಳ್ಳಲೇಬೇಕು.