ಮಳೆ ಬಂದರೆ ಬಾವುಟ ಇಳಿಸಬೇಕಾ ಮೇಷ್ಟ್ರೇ?

ಪ್ರಶ್ನೆ, ತೀರ್ಥಹಳ್ಳಿ ಕಡೆಯಿಂದ: ಮೇಷ್ಟ್ರೇ, ಆಗಸ್ಟ್ 15ಕ್ಕೆ ನಮ್ಮ ಮನೆ ಅಂಗಳದಲ್ಲಿ ಅಡಿಕೆ ಮರದ ಕಂಬ ನೆಟ್ಟು ಬಾವುಟ ಹಾರಿಸುತ್ತೇವೆ. ಹೋದ ವರ್ಷ ಎಷ್ಟು ಎಳೆದರೂ ಗಂಟು ಬಿಚ್ಚಲೇ ಇಲ್ಲ, ಕೊನೆಗೆ ಅಪ್ಪಯ್ಯ ಅಡಿಕೆ ಗೊನೆ ಕೊಯ್ಯೋ ಉದ್ದನೆ ಕೋಲು, ದೋಟಿ, ತಂದು ಬಿಡಿಸಿದರು. ಆಮೇಲೆ ಮಳೆ ಬೇರೆ. ಮಳೆ ಬಂದರೆ ಇಳಿಸಬೇಕಾ? ಸಂಜೆ ಇಳಿಸಲೇಬೇಕಾ?

ಉತ್ತರ, ಶಿವಮೊಗ್ಗದ ನಿವೃತ್ತ ಡ್ರಿಲ್ ಮೇಷ್ಟ್ರು: ಮಳೆಗೆ ಇಳಿಸಬೇಕು ಅಂತ ಏನಿಲ್ಲ. ಇಳಿಸೋದಾದರೆ ನಮ್ಮ ಕಡೆ ಆಗಸ್ಟ್‌ನಲ್ಲಿ ಹಾರಿಸೋದು ಯಾವಾಗ? ಸಂಜೆದೂ ಅಷ್ಟೇ, ಬಾವುಟದ ನಿಯಮಗಳಿರುವ ಧ್ವಜ ಸಂಹಿತೆಗೆ 2022ರ ಜುಲೈನಲ್ಲಿ ತಿದ್ದುಪಡಿ ಆದ ಮೇಲೆ ಮನೆಯಲ್ಲಿ ಹಗಲು ರಾತ್ರಿ ಇರಬಹುದು. ಆದರೆ ಹರಿದದ್ದು, ಮುದುಡಿದ್ದು ಹಾರಬಾರದು. ಗಾಳಿ ಜಾಸ್ತಿ ಇದ್ದರೆ ನಾನಂತೂ ಸಂಜೆಗೇ ಇಳಿಸುತ್ತೇನೆ.

ಇನ್ನು ಗಂಟು. ನೂಲಿನ ಹಗ್ಗ ನೆನೆದರೆ ಊದಿಕೊಂಡು ಬಿಗಿಯುತ್ತದೆ, ನೈಲಾನ್ ತನ್ನಿ. ಮಡಿಚಿದ ಬಾವುಟಕ್ಕೆ ಹಗ್ಗ ಒಂದು ಸುತ್ತು ಹಾಕಿ, ತುದಿಯನ್ನು ಪೂರ್ತಿ ತೂರಿಸಬೇಡಿ, ಮಡಿಚಿ ಕುಣಿಕೆ ಮಾತ್ರ ತೂರಿಸಿ. ಶೂ ಲೇಸ್ ಕಟ್ಟುತ್ತೀರಲ್ಲ, ಹಾಗೆ. ಹಿಂದಿನ ದಿನವೇ ಮೂರು ಸಲ ಎಳೆದು ನೋಡಿ. ಬಾವುಟದ ಹಗ್ಗದಲ್ಲಿ ಒಂದು ಪುಟ್ಟ ಮರದ ತುಂಡು ಇರುತ್ತದೆ, ಅದು ಕೇಸರಿ ಕಡೆ, ಅಂದರೆ ಮೇಲೆ. ಇದನ್ನು ನೋಡದೆ ಹಸಿರು ಮೇಲೆ ಮಾಡಿಕೊಂಡವರನ್ನು ಸುಮಾರು ಕಂಡಿದ್ದೇನೆ.

ಅಸಲಿಗೆ ಆಗಸ್ಟ್ 15ಕ್ಕೆ ಬಾವುಟವನ್ನು ಕೆಳಗಿನಿಂದ ಬಿಚ್ಚಿಕೊಂಡೇ ಏರಿಸಿದರೆ ಗಂಟಿನ ರಗಳೆಯೇ ಇಲ್ಲ. ಸರಸರ ಏರಿಸಿ, ಇಳಿಸುವಾಗ ನಿಧಾನ. ಮೇಲೆ ಕಟ್ಟಿಟ್ಟು ಬಿಚ್ಚೋದು ಜನವರಿ 26ರ ಕ್ರಮ. ನಾವು ಹೂ ಉದುರಲಿ ಅಂತ ಎರಡಕ್ಕೂ ಅದನ್ನೇ ಮಾಡುತ್ತೇವೆ, ಅಲ್ವಾ? ಒಳಗೆ ಹೂವಿನ ಎಸಳು ಇಡೋಕೆ ನಿಯಮದಲ್ಲೇ ಅವಕಾಶ ಇದೆ, ತಪ್ಪೇನಲ್ಲ.

ಅದೇ ಪ್ರಶ್ನೆ ಕೇಳಿದವರು: ಅಡಿಕೆ ಕಂಬ ನಡೆಯುತ್ತಾ? ಪಾಲಿಯೆಸ್ಟರ್ ಬಾವುಟ?

ಮೇಷ್ಟ್ರು: 1942ರಲ್ಲಿ ನಮ್ಮ ಶಿಕಾರಿಪುರ ತಾಲೂಕಿನ ಈಸೂರಿನವರು ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದಾಗ ಸ್ಟೀಲ್ ಕಂಬ ಹುಡುಕಿದ್ದರಾ? ನೆಟ್ಟಗಿರಲಿ, ಗಟ್ಟಿಯಿರಲಿ, ಸಾಕು. ಪಾಲಿಯೆಸ್ಟರ್‌ಗೆ 2021ರ ಡಿಸೆಂಬರ್‌ನಿಂದ ಒಪ್ಪಿಗೆ ಇದೆ, ಬೇಗ ಒಣಗುತ್ತದೆ ಕೂಡ. ನನಗೆ ಹುಬ್ಬಳ್ಳಿ ಬೆಂಗೇರಿಯ ಖಾದಿಯೇ ಇಷ್ಟ. ಆದರೆ ಒದ್ದೆ ಖಾದಿಯನ್ನು ಮಡಿಚಿಟ್ಟರೆ ನಾಲ್ಕೇ ದಿನಕ್ಕೆ ಬೂಸ್ಟು. ಒಳಗೆ ನೆಲಕ್ಕೆ ತಾಗದ ಹಾಗೆ ಹರಡಿ ಒಣಗಿಸಿ.

ಸಾಗರದಿಂದ ಇನ್ನೊಬ್ಬರು: ಅದೇ ಕಂಬಕ್ಕೆ ಕೆಳಗಡೆ ಕನ್ನಡ ಬಾವುಟ ಕಟ್ಟಬಹುದಾ ಸಾರ್?

ಮೇಷ್ಟ್ರು: ಬೇಡ. ಒಂದೇ ಕಂಬದಲ್ಲಿ ಎರಡು ಬಾವುಟ ಇಲ್ಲ. ಕನ್ನಡದ್ದಕ್ಕೆ ಬೇರೆ ಕಂಬ, ಸ್ವಲ್ಪ ದೂರದಲ್ಲಿ, ಎತ್ತರ ಕಡಿಮೆ.

ಸಾಗರದವರು: ಹಳೇದು ಅಂಚು ಹರಿದಿದೆ, ಏನು ಮಾಡೋದು?

ಮೇಷ್ಟ್ರು: ಚೂರು ಮಾಡಿ ಒರೆಸೋ ಬಟ್ಟೆ ಮಾಡಬೇಡಿ. ಮಡಿಚಿ, ಯಾರೂ ಇಲ್ಲದ ಕಡೆ ಪೂರ್ತಿಯಾಗಿ ಸುಡಿ. ಬಚ್ಚಲೊಲೆಗೆ ತುರುಕೋದಲ್ಲ ಮತ್ತೆ!

ತೀರ್ಥಹಳ್ಳಿಯವರು: ಸರಿ ಮೇಷ್ಟ್ರೇ. ನೈಲಾನ್ ಹಗ್ಗ ತರಿಸಿದೆ. ಆದರೂ ಅಪ್ಪಯ್ಯ ದೋಟಿಯನ್ನು ಅಂಗಳದಲ್ಲೇ ಇಟ್ಟುಕೊಳ್ಳುತ್ತಾರಂತೆ.