ಹರ್ಕ್ಯುಲಿಯನ್: ಭೀಮಬಲವೋ, ಭಗೀರಥ ಪ್ರಯತ್ನವೋ?

ನಮಸ್ಕಾರ. ಭಾರ ಎತ್ತುವ ಸ್ಪರ್ಧೆಯ ಬಗ್ಗೆ ಒಂದು ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಹರ್ಕ್ಯುಲಿಯನ್’ ಎರಡು ಸಲ ಬಂದಿದೆ. ಒಮ್ಮೆ ಆಟಗಾರನ ತೋಳಿನ ಬಲಕ್ಕೆ, ಇನ್ನೊಮ್ಮೆ ಸ್ಪರ್ಧೆಗೆ ಹಣ ಹೊಂದಿಸಲು ಊರಿನವರು ಪಟ್ಟ ಪಾಡಿಗೆ. ನಿಘಂಟಿನಲ್ಲೂ ಎರಡೂ ಅರ್ಥ ಇವೆ: ಭಾರಿ ಬಲವುಳ್ಳ, ತುಂಬಾ ಕಷ್ಟದ.

ಇದಕ್ಕೆ ‘ಭಗೀರಥ ಪ್ರಯತ್ನ’ ಅಂತ ಬರೆಯುವ ರೂಢಿ ಇದೆ. ಊರಿನವರ ಕೆಲಸಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ತೋಳಿನ ಬಲಕ್ಕೆ ಹೊಂದುವುದೇ ಇಲ್ಲ. ಭಗೀರಥ ತೊಡೆ ತಟ್ಟಿದವನಲ್ಲ, ತಪಸ್ಸಿಗೆ ಕೂತವನು. ಗಂಗೆ ಒಪ್ಪಿದರೂ ಅವನ ಕೆಲಸ ಮುಗಿಯಲಿಲ್ಲ. ಅವಳ ರಭಸ ತಡೆಯಲು ಶಿವನನ್ನು ಒಲಿಸಬೇಕಾಯಿತು. ಜಹ್ನು ಮುನಿ ಅವಳನ್ನು ಕುಡಿದುಬಿಟ್ಟಾಗ ಮತ್ತೆ ಕಾಯಬೇಕಾಯಿತು. ಅದು ಛಲ, ಮೈಬಲ ಅಲ್ಲ.

ಹಾಗಂತ ಈ ಪದಕ್ಕೆ ಹೆಸರು ಕೊಟ್ಟ ಗ್ರೀಕ್ ಪುರಾಣದ ವೀರ ಹರ್ಕ್ಯುಲಿಸನದೂ ಬರೀ ಮೈಬಲ ಅಲ್ಲ. ಅವನ 12 ಸಾಹಸಗಳಲ್ಲಿ ಮೊದಲನೆಯದು ಸಿಂಹದ ಕತ್ತು ಹಿಸುಕಿದ್ದು, ಅದು ತೋಳಿನದು. ಆದರೆ ಔಗಿಯಸ್ ದೊರೆಯ ಕೊಟ್ಟಿಗೆಯ ಕಥೆ ನೋಡಿ. ವರ್ಷಗಟ್ಟಲೆ ಸಗಣಿ ಬಾಚದೆ ಬಿಟ್ಟಿದ್ದ ಕೊಟ್ಟಿಗೆಯನ್ನು ಒಂದೇ ದಿನದಲ್ಲಿ ಚೊಕ್ಕ ಮಾಡಬೇಕಿತ್ತು. ಅವನು ಬಾಚುತ್ತಾ ಕೂರಲಿಲ್ಲ. ಎರಡು ನದಿಗಳನ್ನೇ ಅದರೊಳಕ್ಕೆ ತಿರುಗಿಸಿಬಿಟ್ಟ. ಇಬ್ಬರೂ ನೀರು ಹರಿಸಿದವರೇ ಅಲ್ವಾ! ಈ ಜೋಡಿ ನನಗೆ ತುಂಬಾ ಇಷ್ಟ.

ಇನ್ನೊಂದು ಮಾತು. ಅವನ ಗ್ರೀಕ್ ಹೆಸರು ಹೆರಾಕ್ಲಿಸ್, ಅಂದರೆ ಹೆರಾ ದೇವಿಯ ಕೀರ್ತಿ. ಹೆಸರಿನಲ್ಲಿ ಬಲದ ಸುಳಿವೇ ಇಲ್ಲ. ನಮ್ಮಲ್ಲಿ ಮಾತ್ರ ಹರ್ಕ್ಯುಲಿಸ್ ಅಂದರೆ ಕ್ಯಾರಿಯರ್‌ಗೆ ಮೂಟೆ ಕಟ್ಟಿದರೂ ಬಗ್ಗದ ಸೈಕಲ್, ಇಲ್ಲವೇ ವಾಯುಪಡೆಯ ಸರಕು ವಿಮಾನ. ಹಾಗಾಗಿ ನಮ್ಮ ಕಿವಿಗೆ ಅದರಲ್ಲಿ ಭಾರ ಹೊರುವ ಬಲವೇ ಜಾಸ್ತಿ ಕೇಳಿಸುತ್ತದೆ.

‘ಹರಸಾಹಸ’ ನನಗೆ ಬೇಡವೆನಿಸಿತು. ಬಸ್ಸು ಹತ್ತುವುದಕ್ಕೂ ಹರಸಾಹಸ ಅನ್ನುತ್ತೇವೆ. ಅದರಲ್ಲಿ ಒದ್ದಾಟ ಇದೆ, ಹೊಗಳಿಕೆ ಇಲ್ಲ. ‘ಆನೆಬಲ’ವೂ ಸರಿಹೋಗಲಿಲ್ಲ. ‘ನೂರಾನೆ ಬಲ ಬಂತು’ ಅನ್ನುವುದು ಯಾರಾದರೂ ಧೈರ್ಯ ತುಂಬಿದಾಗ. ಸದ್ಯಕ್ಕೆ ತೋಳಿಗೆ ‘ಭೀಮಬಲ’, ಊರಿನವರಿಗೆ ‘ಭಗೀರಥ ಪ್ರಯತ್ನ’ ಅಂತ ಇಟ್ಟಿದ್ದೇನೆ.

ಆದರೂ ಇದಕ್ಕೆ ಜನರ ಬಾಯಲ್ಲೇ ಇರುವ ಮಾತು ಸಿಕ್ಕರೆ ಇನ್ನೂ ಚೆನ್ನ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿದವರು ದಯವಿಟ್ಟು ಹೇಳಿ: ಕಲ್ಲು ಹೆಗಲೇರಿದ ಗಳಿಗೆಯಲ್ಲಿ ಸುತ್ತ ನಿಂತವರು ಆ ಪೈಲ್ವಾನನ ಬಲವನ್ನು ಏನಂತ ಹೊಗಳುತ್ತಾರೆ?